ಪೆಡಲ್ ಬೇಡ, ಮೊದಲು ತಂತಿ ಬದಲಿಸಿ

ಪ್ರಶ್ನೆ: ಸಾರ್, ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ಅಂದ್ರೆ ನನಗೆ ಪ್ರಾಣ. ಅವರ ಬೇಸ್ ಗಿಟಾರಿನ ಕುದುರೆ ಓಟದಂಥ ಆ ಟಕಟಕ ಸದ್ದು ನನ್ನ ಕೈಯಲ್ಲಿ ಬರುತ್ತಿಲ್ಲ. ನನ್ನದು ಸೆಕೆಂಡ್ ಹ್ಯಾಂಡ್ ಜಾಝ್ ಬೇಸ್ ಮಾದರಿಯ ಗಿಟಾರು, 25 ವಾಟಿನ ಆಂಪ್ (ಆಂಪ್ಲಿಫೈಯರ್). ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ತಗೋ ಅಂತ ಗೆಳೆಯರು ಹೇಳುತ್ತಾರೆ. ಯಾವುದು ತಗೊಳ್ಳಲಿ?
— ಓದುಗ, ಕುಂಬಳೆ

ಉತ್ತರ: ಪೆಡಲ್ ತಗೊಳ್ಳಬೇಡಿ. ಆ ದುಡ್ಡು ತಂತಿಗೆ ಇರಲಿ.

2007ರ ಮಾರ್ಚ್‌ನಲ್ಲಿ ಅವರನ್ನು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕೇಳಿದ್ದೇನೆ. ಕಾಸರಗೋಡಿನಿಂದ ರಾತ್ರಿ ಬಸ್ಸು ಹಿಡಿದು ಹೋಗಿದ್ದೆ. ಅಷ್ಟು ಗದ್ದಲದಲ್ಲೂ ಒಂದೊಂದು ಪೆಟ್ಟು ಬೇರೆಬೇರೆಯಾಗಿ ಕೇಳುತ್ತಿತ್ತು. ಡಿಸ್ಟಾರ್ಷನ್ ಜಾಸ್ತಿಯಾದರೆ ಮೊದಲು ಹಾಳಾಗುವುದೇ ಅದು.

ಅವರದ್ದು ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ ಮಾದರಿ. ತಂತಿ ರೋಟೋಸೌಂಡ್ ಕಂಪನಿಯ ಫ್ಲಾಟ್‌ವೂಂಡ್ (ಮೇಲೆ ಚಪ್ಪಟೆ ಪಟ್ಟಿ ಸುತ್ತಿದ್ದು), ದಪ್ಪ 50ರಿಂದ 110ರ ಸೆಟ್ (ಇಂಚಿನ ಸಾವಿರದಲ್ಲೊಂದರ ಲೆಕ್ಕ). ರಾಕ್ ನುಡಿಸುವ ಹೆಚ್ಚಿನವರು ಹಾಕುವುದು ರೌಂಡ್‌ವೂಂಡ್, ಅಂದರೆ ದುಂಡು ಸರಿಗೆ ಸುತ್ತಿದ್ದು. ಉಗುರಿನಿಂದ ಗೀರಿದರೆ ಜರ್ರ್ ಅನ್ನುತ್ತದೆ. ಫ್ಲಾಟ್‌ವೂಂಡ್ ಮುಟ್ಟಿದರೆ ನುಣ್ಣಗೆ. ಸದ್ದು ಮಂದ ಅಲ್ವಾ ಅಂತೀರಾ? ಮೆಲ್ಲಗೆ ಮೀಟಿದರೆ ಮಂದವೇ. ಹ್ಯಾರಿಸ್ ಹೊಡೆಯುತ್ತಾರೆ. ಪಿಕ್ ಇಲ್ಲ, ಎರಡೇ ಬೆರಳು. ಆ ಹೊಡೆತಕ್ಕೆ ತಂತಿ ಹೋಗಿ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗೆ (ಫ್ರೆಟ್) ಬಡಿಯುತ್ತದೆ. ನೀವು ಹುಡುಕುತ್ತಿರುವ ಟಕಟಕ ಅದೇ. ನಮ್ಮ ಯಕ್ಷಗಾನದ ಆಟದ ಮದ್ದಳೆಗಾರರ ಬೆರಳು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಪ್ಪ ತಂತಿಯ ಎಳೆತಕ್ಕೆ ಬೇಸಿನ ಕುತ್ತಿಗೆ ಮುಂದಕ್ಕೆ ಬಾಗುತ್ತದೆ. ಕುತ್ತಿಗೆಯೊಳಗಿನ ಸರಳನ್ನು (ಟ್ರಸ್ ರಾಡ್) ಬಿಗಿ ಮಾಡಬೇಕು. ಒಮ್ಮೆಗೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ; ಭಯವಾದರೆ ಗೊತ್ತಿದ್ದವರ ಕೈಲಿ ಮಾಡಿಸಿ. ಆಮೇಲೆ ತಂತಿಯ ಎತ್ತರ ಇಳಿಸಿ. ಕುತ್ತಿಗೆ ಕಡೆಯ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ವಾಲ್ಯೂಮ್ ಪೂರ್ತಿ ತೆರೆದು, ಬ್ರಿಡ್ಜ್ (ತಂತಿ ಕೂರುವ ಕೆಳತುದಿ) ಕಡೆಯದ್ದನ್ನು ಮುಚ್ಚಿದರೆ ಪ್ರಿಸಿಷನ್‌ಗೆ ಸ್ವಲ್ಪ ಹತ್ತಿರ ಬರುತ್ತದೆ. ಗುಂಯ್ ಅನ್ನಬಹುದು, ಸಹಿಸಿಕೊಳ್ಳಿ. ಟೋನ್ ನಾಬ್ ಪೂರ್ತಿ ತೆರೆದಿರಲಿ. ಆಂಪ್‌ನಲ್ಲಿ ಬೇಸ್ ನಾಬ್ ಅರ್ಧಕ್ಕೆ, ಮಿಡ್ ಮತ್ತು ಟ್ರೆಬಲ್ ಅದಕ್ಕಿಂತ ಮೇಲೆ.

ಇನ್ನೊಂದು ಮಾತು. ಹ್ಯಾರಿಸ್‌ಗೆ ಪ್ರತಿ ಶೋಗೂ ಹೊಸ ತಂತಿ. ಹಳತಾದಷ್ಟೂ ಫ್ಲಾಟ್‌ವೂಂಡ್‌ನ ಸದ್ದಿನ ಹೊಳಪು ಇಳಿಯುತ್ತದೆ. ನಮಗೆ ಅಷ್ಟು ಬದಲಿಸುವುದು ಆಗದ ಮಾತು. ಅದಕ್ಕೇ, ಬಾರಿಸಿ ಮುಗಿದ ಕೂಡಲೇ ಒಣ ಬೈರಾಸಿನಿಂದ ಒಂದೊಂದೇ ತಂತಿಯನ್ನು ಒರೆಸಿ, ಅಡಿಯಲ್ಲೂ ಒರೆಸಿ. ಕುಂಬಳೆಯ ಉಪ್ಪುಗಾಳಿ ಬೆವರಿಗಿಂತ ಕೆಟ್ಟದ್ದು. ಮಳೆಗಾಲದಲ್ಲಂತೂ ಬೇಸನ್ನು ಗೋಡೆಗೆ ನೇತುಹಾಕಬೇಡಿ, ಚೀಲದೊಳಗೇ ಇಡಿ.