ಸಾವಿನ ಹೆಸರಿಟ್ಟುಕೊಂಡ ನಾಯಕ

ಮೂಕಿ ಸಿನಿಮಾ ಕಾಲದಲ್ಲಿ ನಟನಾಗಿದ್ದು ಆಮೇಲೆ ನಿರ್ದೇಶಕನಾದ ಇಟಲಿಯವರು ಯಾರಿದ್ದಾರೆ, ಅವರ ಕಥೆ ಏನು ಅಂತ ಕೇಳಿದ್ದೀರಿ. ಹಲವರಿದ್ದಾರೆ. ನನಗೆ ಮಾತ್ರ ಮೊದಲು ನೆನಪಾಗುವುದು ಎಮಿಲಿಯೊ ಗಿಯೋನೆ. ಈತನ ಮುಖ ಒಮ್ಮೆ ನೋಡಿದರೆ ಮರೆಯೋಕೆ ಆಗಲ್ಲ.

ಹುಟ್ಟಿದ್ದು 1879ರಲ್ಲಿ, ಟ್ಯೂರಿನ್‌ನಲ್ಲಿ. ಅಪ್ಪ ಚಿತ್ರಕಾರ. ಮಗನೂ ಪುಟ್ಟ ಪುಟ್ಟ ಚಿತ್ರ ಬರೆಯುತ್ತಿದ್ದ. ಆಗ ಟ್ಯೂರಿನ್ ಅಂದರೆ ಸಿನಿಮಾದ ಊರು. ಮೂವತ್ತು ವಯಸ್ಸಿನ ಹೊತ್ತಿಗೆ ಸಣ್ಣಪುಟ್ಟ ಪಾತ್ರಗಳಿಂದ ಶುರು ಮಾಡಿದ. 1911ರಲ್ಲಿ ಒಂದು ಚಿತ್ರದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್‌ನ ಪಾತ್ರ ಮಾಡಿದ. ಆಮೇಲೆ ರೋಮ್‌ನಲ್ಲಿ, ಆಗಿನ ದೊಡ್ಡ ತಾರೆ ಫ್ರಾನ್ಚೆಸ್ಕಾ ಬೆರ್ತಿನಿ ಜೊತೆ ನಟಿಸುತ್ತಾ ನಟಿಸುತ್ತಾ ನಿರ್ದೇಶನಕ್ಕೂ ಕೈ ಹಾಕಿದ.

1914ರಲ್ಲಿ ತಾನೇ ನಿರ್ದೇಶಿಸಿದ 'ನೆಲ್ಲಿ ಲಾ ಜಿಗೊಲೆಟ್'ನಲ್ಲಿ ಒಂದು ಪಾತ್ರ ಹುಟ್ಟಿಸಿಕೊಂಡ. ಹೆಸರು ಜಾ ಲಾ ಮೊರ್. ಪ್ಯಾರಿಸ್‌ನ ಗಲ್ಲಿ ರೌಡಿ. 'ಮೊರ್' ಅಂದರೆ ಫ್ರೆಂಚಿನಲ್ಲಿ ಸಾವು. ಅವನ ಜೊತೆಗಾತಿಯ ಹೆಸರು ಜಾ ಲಾ ವೀ. 'ವೀ' ಅಂದರೆ ಬದುಕು! ಆ ಪಾತ್ರ ಮಾಡಿದ ಕ್ಯಾಲಿ ಸಂಬುಚಿನಿ ನಿಜ ಜೀವನದಲ್ಲೂ ಅವನ ಸಂಗಾತಿ.

ಆಗಿನ ಇಟಲಿ ಸಿನಿಮಾದಲ್ಲಿ ರೇಷ್ಮೆ, ಹೂವು, ದೊಡ್ಡ ಮನೆಯವರ ವಿರಹ ಜಾಸ್ತಿ. ಅದರ ಮಧ್ಯೆ ಈ ಮನುಷ್ಯನನ್ನು ನೆನೆಸಿಕೊಳ್ಳಿ. ಗುಳಿಬಿದ್ದ ಕೆನ್ನೆ, ಎದ್ದು ಕಾಣುವ ಮೂಳೆ, ಆಳಕ್ಕಿಳಿದ ಕಣ್ಣು. ಸುಮ್ನೆ ನಿಂತರೂ ಹಸಿವು ಕಾಣುತ್ತದೆ. ತನ್ನ ಮುಖದಲ್ಲಿ ಏನಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕ್ಯಾಮೆರಾದ ಹಿಂದೆಯೂ ತಾನೇ ಇದ್ದಿದ್ದರಿಂದ ಅದನ್ನು ಎಷ್ಟು ತೋರಿಸಬೇಕೋ ಅಷ್ಟೇ ತೋರಿಸಿದ. ಚಿತ್ರ ಬರೆಯುತ್ತಿದ್ದ ಕಣ್ಣು ಅಲ್ವಾ! ಅದೇ ಜಾ ಲಾ ಮೊರ್ ಒಂದು ಚಿತ್ರದಲ್ಲಿ ಕ್ರೂರಿ, ಇನ್ನೊಂದರಲ್ಲಿ ಬಡವರ ಬೆನ್ನಿಗೆ ನಿಲ್ಲುವವನು. ಜನ ಎರಡನ್ನೂ ಒಪ್ಪಿಕೊಂಡರು.

1918ರ 'ಇ ತೋಪಿ ಗ್ರಿಜಿ', ಅಂದರೆ 'ಬೂದು ಇಲಿಗಳು', ಇದೇ ಜಾ ಲಾ ಮೊರ್‌ನ ಎಂಟು ಕಂತಿನ ಸರಣಿ. ಅದೃಷ್ಟಕ್ಕೆ ಉಳಿದುಕೊಂಡಿದೆ. ನಾನು ಒಂದೇ ರಾತ್ರಿ ಮೂರು ಕಂತು ನೋಡಿದೆ. ಸೆಟ್ಟಿನ ಗೋಡೆಗಳಿಗಿಂತ ಬಯಲು, ರಸ್ತೆ, ಬಿಸಿಲೇ ಕಣ್ಣಲ್ಲಿ ಉಳಿದವು.

ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸಿನಿಮಾಗಳು ನುಗ್ಗಿದವು. ಇಟಲಿಯ ದೊಡ್ಡ ಸಿನಿಮಾ ಕಂಪನಿಗಳು ಸೇರಿ 1919ರಲ್ಲಿ ಒಂದು ದೊಡ್ಡ ಒಕ್ಕೂಟ ಕಟ್ಟಿದವು. ಅದಕ್ಕೆ ದುಡ್ಡು ಹಾಕಿದ್ದ ಬ್ಯಾಂಕೇ 1921ರ ಕೊನೆಗೆ ಮುಳುಗಿತು. ಸ್ಟುಡಿಯೋಗಳು ಒಂದೊಂದಾಗಿ ಬಾಗಿಲು ಹಾಕಿದವು. ಗಿಯೋನೆ ಜರ್ಮನಿಗೆ ಹೋಗಿ 1924ರಲ್ಲಿ ಅದೇ ಜಾ ಲಾ ಮೊರ್‌ನನ್ನು ಮತ್ತೆ ತೆರೆಗೆ ತಂದ. ಆದರೆ ಹಳೆಯ ದಿನಗಳು ಮರಳಲಿಲ್ಲ. ನನಗೆ ತುಂಬಾ ನೋವಾಗುವುದು ಇಲ್ಲೇ. ಒಂದೇ ಪಾತ್ರಕ್ಕೆ ಬದುಕನ್ನೇ ಕೊಟ್ಟವನಿಗೆ ಬೇರೆ ವೇಷ ಹಾಕೋದು ಸುಲಭವಲ್ಲ.

ಕೊನೆಗೆ ಪ್ಯಾರಿಸ್ ಸೇರಿದ. ತೆರೆಯ ಮೇಲೆ ತಾನು ಆಳಿದ ಊರು ಅದು. ಅಲ್ಲಿ ಕೈಯಲ್ಲಿ ಕಾಸಿಲ್ಲ, ಮೈಯಲ್ಲಿ ಕ್ಷಯ. ಇಟಲಿ ಸಿನಿಮಾ ಹೇಗೆ ಎದ್ದು ಹೇಗೆ ಬಿತ್ತು ಅಂತ ಒಂದು ಲೇಖನ ಬರೆದ. ರೋಮ್‌ಗೆ ವಾಪಸ್ ಬಂದು 1930ರ ಜನವರಿಯಲ್ಲಿ ತೀರಿಕೊಂಡ. ಐವತ್ತು ವರ್ಷ ಅಷ್ಟೇ.

ನೋಡುವುದಾದರೆ 'ಇ ತೋಪಿ ಗ್ರಿಜಿ'ಯಿಂದಲೇ ಶುರು ಮಾಡಿ. ಮೊದಲ ಕಂತಿಗೇ ಬಿಟ್ಟುಬಿಡಬೇಡಿ, ಎರಡನೆಯದನ್ನೂ ನೋಡಿ.