ಕೇಳ್ರಿ, ಹೇಳ್ತೀವಿ: ಕೌಬಾಯ್ ಧಾರಾವಾಹಿಗಳ ತೆರೆಮರೆ

ಪ್ರಶ್ನೆ: ‘ಬೊನಾಂಜಾ’ದ ಕಾರ್ಟ್‌ರೈಟ್ ಮನೆತನದವರು ಅಷ್ಟು ದೊಡ್ಡ ಜಮೀನ್ದಾರರು. ಆದರೂ ಎಲ್ಲ ಕಂತಿನಲ್ಲೂ ಅದೇ ಅಂಗಿ, ಅದೇ ಟೊಪ್ಪಿಗೆ! ಯಾಕ್ರೀ?
– ಓದುಗರೊಬ್ಬರು, ಸಿಂದಗಿ

ಉತ್ತರ: ಎಲ್ಲಾ ಖರ್ಚು ಉಳಿಸುವ ಉಪಾಯ. 1959ರಲ್ಲಿ ಅಮೆರಿಕದ ಟಿವಿ ಜಾಲ ಎನ್‌ಬಿಸಿ ಆರಂಭಿಸಿದ ಈ ಧಾರಾವಾಹಿ ಮೊದಲ ಕಂತಿನಿಂದಲೇ ಬಣ್ಣದ್ದು. (ಎನ್‌ಬಿಸಿಯ ಒಡೆಯನಾದ ಆರ್‌ಸಿಎ ಕಂಪನಿ ಬಣ್ಣದ ಟಿವಿ ಮಾರುತ್ತಿತ್ತು; ಲೆಕ್ಕ ನಿಮಗೇ ತಿಳಿಯಿತು.) ಹೊರಾಂಗಣದಲ್ಲಿ ಕುದುರೆ ಓಡಿಸುವ ದೃಶ್ಯ ಒಮ್ಮೆ ತೆಗೆದಿಟ್ಟರೆ ಹತ್ತು ಕಂತಿಗೆ ಜೋಡಿಸಬಹುದು. ಆದರೆ ಮುಂದಿನ ಶಾಟಿನಲ್ಲಿ ಅಂಗಿ ಬದಲಾದರೆ ಕಳ್ಳತನ ಬಯಲು. ಹಾಗಾಗಿ ಮೂರನೇ ಸೀಸನ್ ಹೊತ್ತಿಗೆ ಉಡುಪು ಕಾಯಂ ಆಯಿತು: ಕಾರ್ಟ್‌ರೈಟ್ ಅಪ್ಪನ ಮೂವರು ಮಕ್ಕಳಲ್ಲಿ ಆಡಮ್‌ಗೆ ಅಡಿಯಿಂದ ಮುಡಿಯವರೆಗೆ ಕಪ್ಪು, ಹಾಸ್‌ಗೆ ಬಿಳಿ ಅಂಗಿಯ ಮೇಲೆ ಕಂದು ವೇಸ್ಟ್‌ಕೋಟು, ಜೋಗೆ ಹಸಿರು ಜಾಕೀಟು. ದೂರದ ಶಾಟಿನಲ್ಲಿ ಡ್ಯೂಪ್ ಕೂತರೂ ಬಣ್ಣ ನೋಡಿಯೇ ‘ಇವನೇ ಜೋ’ ಅಂದುಕೊಳ್ಳುತ್ತೇವೆ. ಜೋನ ಕುದುರೆ ಮಾತ್ರ ಕಿರಿಕಿರಿ: ಅದು ಬಿಳಿ-ಕಪ್ಪು ಮಚ್ಚೆಯದು, ಬೇರೆ ಕುದುರೆ ತಂದರೆ ಮಚ್ಚೆ ಹೊಂದುವುದಿಲ್ಲ. ಆಡಮ್ ಪಾತ್ರದ ಪರ್ನೆಲ್ ರಾಬರ್ಟ್ಸ್ 1965ರಲ್ಲಿ ಬಿಟ್ಟುಹೋದ ಮೇಲೆ ಅಪ್ಪ-ಮಕ್ಕಳು ನಾಲ್ವರೂ ಕಾಣುವ ಹಳೆ ತುಣುಕುಗಳು ಕೆಲಸಕ್ಕೆ ಬಾರದಾದವು. ಅಂದಹಾಗೆ, ಅಪ್ಪನ ಪಾತ್ರದ ಲಾರ್ನ್ ಗ್ರೀನ್ ಈ ಮಗನಿಗಿಂತ ಬರೀ 13 ವರ್ಷ ದೊಡ್ಡವರು!

ಪ್ರಶ್ನೆ: ಹೊಡೆದಾಟದಲ್ಲಿ ಒಡೆಯುವ ಗಾಜು ಸಕ್ಕರೆಯದಂತೆ. ನಮ್ಮ ಜಾತ್ರೆ ನಾಟಕಕ್ಕೆ ಮಾಡಬಹುದೇ?
– ಓದುಗರು, ಇಳಕಲ್

ಉತ್ತರ: ಮಾಡಬಹುದು. ಸ್ಟುಡಿಯೊಗಳು ಆಮೇಲೆ ರಾಳಕ್ಕೆ ಹೋದವು, ನಿಮಗೆ ಸಕ್ಕರೆಯೇ ಸಾಕು. ಸಕ್ಕರೆ 400 ಗ್ರಾಂ, ನೀರು 200 ಮಿ.ಲೀ., ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ 150 ಗ್ರಾಂ. ಸಕ್ಕರೆ ಕರಗಿದ ಮೇಲೆ ಸೌಟು ಹಾಕಬೇಡಿ. ತಿರುವಿದರೆ ಹರಳುಗಟ್ಟಿ ಮಬ್ಬಾಗುತ್ತದೆ. ಪಾತ್ರೆಯ ಅಂಚಿಗೆ ಹತ್ತಿದ ಸಕ್ಕರೆಯನ್ನು ಒದ್ದೆ ಬ್ರಶ್‌ನಿಂದ ಒರೆಸಿ. ಕುದಿಸಿ, ಪಾಕ 150 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಒಲೆಯಿಂದ ಇಳಿಸಿ: ಅದಕ್ಕಿಂತ ಕಡಿಮೆಯಾದರೆ ಬಾಗುತ್ತದೆ, ಹೆಚ್ಚಾದರೆ ಕೆಂಪೇರುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹನಿ ತಣ್ಣೀರಿಗೆ ಬಿಡಿ, ತೆಗೆದು ಮುರಿದರೆ ಟಕ್ಕೆಂದು ಮುರಿಯಬೇಕು. ಎಣ್ಣೆ ಸವರಿದ ತಟ್ಟೆಯಲ್ಲಿ 3 ಮಿ.ಮೀ. ದಪ್ಪಕ್ಕೆ ಸುರಿಯಿರಿ. ಮಹಾಲಿಂಗಪುರದ ಬೆಲ್ಲ ಎಷ್ಟೇ ಚಲೋ ಇದ್ದರೂ ಇದಕ್ಕೆ ಬೇಡ, ಕಂದು ಬಣ್ಣ ಬಂದುಬಿಡುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ ಎಳೆದುಕೊಂಡು ಅಂಟಾಗುತ್ತದೆ, ಆದ್ದರಿಂದ ಆಟದ ದಿನವೇ ಮಾಡಿ. ಚೂರುಗಳ ಅಂಚು ಹರಿತವೇ ಇರುತ್ತದೆ, ಮುಖಕ್ಕೆ ಹೊಡೆಯಬೇಡಿ.

ಪ್ರಶ್ನೆ: ‘ಗನ್‌ಸ್ಮೋಕ್’ ಶುರುವಿನಲ್ಲಿ ನಾಯಕ ಮ್ಯಾಟ್ ಡಿಲನ್ ಎದುರು ಗುಂಡು ತಿನ್ನುವವರು ಯಾರು?
– ಓದುಗರು, ಗೋಕಾಕ

ಉತ್ತರ: ಆರ್ವೊ ಓಜಲಾ. ನಟರಿಗೆ ಪಿಸ್ತೂಲು ಸರ್ರನೆ ಎಳೆಯುವುದನ್ನು ಕಲಿಸುತ್ತಿದ್ದವರು ಅವರೇ. ಅವರ ಹೋಲ್ಸ್ಟರ್‌ಗೆ (ಸೊಂಟದ ಪಿಸ್ತೂಲು ಚೀಲಕ್ಕೆ) ಒಳಗಡೆ ಲೋಹದ ತಗಡು ಇರುತ್ತಿತ್ತು. ಬರೀ ಚರ್ಮವಾದರೆ ಪಿಸ್ತೂಲಿನ ಗುಂಡಿನ ಉರುಳೆಯನ್ನು ಹಿಡಿದುಕೊಳ್ಳುತ್ತದೆ. ತಗಡಿದ್ದರೆ ಉರುಳೆ ಸಲೀಸಾಗಿ ತಿರುಗಿ, ಹೊರಗೆ ಎಳೆಯುವ ಮೊದಲೇ ಪಿಸ್ತೂಲಿನ ಹ್ಯಾಮರ್ (ಗುಂಡು ಸಿಡಿಸುವ ಸುತ್ತಿಗೆ) ಹಿಂದೆಳೆದು ಸಜ್ಜು ಮಾಡಬಹುದು.