ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ರಿಯಾಪದ ಬದಲಿಸಿದರೆ ಮಟ್ಟ ಬದಲಾಗುವುದಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪಾಠಯೋಜನೆಯ ‘ಉದ್ದೇಶಗಳು’ ಎಂಬ ಕಾಲಮ್ಮಿನ ಸುತ್ತಲೇ ಇವೆ. ಒಂದೇ ಬಗೆಯವನ್ನು ಕೂಡಿಸಿ ಐದನ್ನು ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಬಿ.ಇಡಿ. ಅಭ್ಯಾಸ ಪಾಠಕ್ಕೆ ‘ವಿದ್ಯಾರ್ಥಿಗಳು ಆವಿಯಾಗುವಿಕೆಯ ಬಗ್ಗೆ ತಿಳಿದುಕೊಳ್ಳುವರು’ ಎಂದು ಬರೆದಿದ್ದೆ. ‘ಅಳೆಯಲು ಬರುವುದಿಲ್ಲ’ ಎಂದು ಮಾರ್ಗದರ್ಶಕರು ಕೆಂಪು ಗೆರೆ ಎಳೆದರು. ‘ವಿವರಿಸುವರು’ ಎಂದು ತಿದ್ದಿ ಕೊಟ್ಟರೂ ಒಪ್ಪಲಿಲ್ಲ. ಇನ್ನೇನು ಬರೀಬೇಕ್ರಿ?
— ಪ್ರಶಿಕ್ಷಣಾರ್ಥಿ, ಧಾರವಾಡ

ಉತ್ತರ: ನೀವು ಬದಲಿಸಿದ್ದು ಪದವನ್ನಷ್ಟೇ. ಹುಡುಗ ಏನನ್ನು ನೋಡಿ, ಏನು ಮಾಡಿ, ಎಷ್ಟು ಸರಿ ಮಾಡಿದರೆ ಸಾಕು ಎಂಬುದು ಇನ್ನೂ ಬಂದಿಲ್ಲ. 1962ರಲ್ಲಿ ಅಮೆರಿಕದ ರಾಬರ್ಟ್ ಮೇಗರ್ ಇದನ್ನೇ ಮೂರು ಭಾಗ ಮಾಡಿದರು: ಕಣ್ಣಿಗೆ ಕಾಣುವ ವರ್ತನೆ, ಅದು ನಡೆಯಬೇಕಾದ ಸನ್ನಿವೇಶ, ಒಪ್ಪಿಕೊಳ್ಳುವ ಮಟ್ಟ. ನಿಮ್ಮ ಪಾಠಕ್ಕೆ ಹೀಗೆ ಬರೆಯಬಹುದು: ‘ಬ್ಯಾಡಗಿ ಮೆಣಸಿನಕಾಯಿಯನ್ನು ಒಂದು ಕಣದಲ್ಲಿ ರಾಶಿ ಹಾಕಿ, ಇನ್ನೊಂದರಲ್ಲಿ ತೆಳ್ಳಗೆ ಹರವಿದ ವಿವರ ಕೊಟ್ಟಾಗ, ಯಾವುದು ಬೇಗ ಒಣಗುತ್ತದೆಂದು ಹೇಳಿ, ಮೇಲ್ಮೈ ವಿಸ್ತೀರ್ಣ, ಗಾಳಿ, ತಾಪ, ಆರ್ದ್ರತೆಗಳಲ್ಲಿ ಕನಿಷ್ಠ ಎರಡರ ಮೂಲಕ ಕಾರಣ ಕೊಡುವನು.’

ಇದು ಅನ್ವಯದ ಮಟ್ಟದ, ಅಂದರೆ ಕಲಿತದ್ದನ್ನು ಹೊಸ ಸನ್ನಿವೇಶಕ್ಕೆ ಹಚ್ಚುವ ಉದ್ದೇಶ. ಆದರೆ ಒಂದು ಷರತ್ತಿದೆ. ತರಗತಿಯಲ್ಲಿ ಮೆಣಸಿನಕಾಯಿಯನ್ನೇ ಉದಾಹರಣೆಯಾಗಿ ಹೇಳಿಬಿಟ್ಟಿದ್ದರೆ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬರೀ ಸ್ಮರಣೆ. ಪಾಠಕ್ಕೆ ಒದ್ದೆ ಬಟ್ಟೆ ಬಳಸಿ, ಪರೀಕ್ಷೆಗೆ ಮೆಣಸಿನಕಾಯಿ ಉಳಿಸಿಕೊಳ್ಳಿ.

ಬರೆಯುವ ಕ್ರಮವನ್ನೂ ತಿರುವಿ ಹಾಕಿ. ಮೊದಲು ಪಾಠದ ಕೊನೆಯ ಐದು ನಿಮಿಷಕ್ಕೆ ಕೇಳುವ ಪ್ರಶ್ನೆ ಬರೆಯಿರಿ, ಅದಕ್ಕೆ ನೀವು ಒಪ್ಪುವ ಉತ್ತರ ಬರೆಯಿರಿ, ಆಮೇಲೆ ಅದರಿಂದ ಉದ್ದೇಶದ ವಾಕ್ಯ ತೆಗೆಯಿರಿ. 40 ನಿಮಿಷದ ಅವಧಿಗೆ ಎರಡು ಉದ್ದೇಶ ಸಾಕು, ಮೂರಾದರೆ ಹೆಚ್ಚು. ಎಂಟು ಉದ್ದೇಶ ಬರೆದ ಯೋಜನೆಗಳಲ್ಲಿ ಆರನ್ನು ಯಾರೂ ಪರೀಕ್ಷಿಸಿರುವುದಿಲ್ಲ.

ಪ್ರಶ್ನೆ: ಎಂಟನೇ ತರಗತಿಯ ಕಿರುಪರೀಕ್ಷೆಗೆ ‘ಅತ್ತಿಮಬ್ಬೆಯ ಕೊಡುಗೆಗಳನ್ನು ವಿಶ್ಲೇಷಿಸಿ’ ಎಂದು ನಾಲ್ಕು ಅಂಕದ ಪ್ರಶ್ನೆ ಹಾಕಿ, ನೀಲನಕ್ಷೆಯಲ್ಲಿ (ಯಾವ ಮಟ್ಟಕ್ಕೆ ಎಷ್ಟು ಅಂಕ ಎಂದು ತೋರಿಸುವ ಪಟ್ಟಿಯಲ್ಲಿ) ಉನ್ನತ ಮಟ್ಟ ಎಂದು ತೋರಿಸಿದೆ. ಸಹೋದ್ಯೋಗಿ ಇದು ಜ್ಞಾನದ ಪ್ರಶ್ನೆ ಅನ್ನುತ್ತಾರೆ. ಯಾರು ಸರಿ?
— ಸಮಾಜ ವಿಜ್ಞಾನ ಶಿಕ್ಷಕಿ, ಗದಗ

ಉತ್ತರ: ಮೇಡಂ, ನಿಮ್ಮ ಸಹೋದ್ಯೋಗಿಯೇ ಸರಿ. ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ್ದು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ್ದು, ‘ದಾನಚಿಂತಾಮಣಿ’ ಎಂಬ ಬಿರುದು: ಇಷ್ಟನ್ನು ಪಾಠದಲ್ಲಿ ಬರೆಸಿದ್ದರೆ ಹುಡುಗಿ ಅದನ್ನೇ ಒಪ್ಪಿಸುತ್ತಾಳೆ. ಮೇಲೆ ‘ವಿಶ್ಲೇಷಿಸಿ’ ಎಂದಿದ್ದರೂ ಒಳಗೆ ನಡೆಯುವುದು ನೆನಪಿನ ಕೆಲಸ. ಇಂಥ ಪದ ಬಳಸಿದರೆ ಇಂಥ ಮಟ್ಟ ಎನ್ನುವ, ಹೊರಗೆ ಸಿಗುವ ಕ್ರಿಯಾಪದಗಳ ಪಟ್ಟಿಗಳು ಮಾಡಿರುವ ದೊಡ್ಡ ಹಾನಿ ಇದೇ.

ಒರೆಗೆ ಹಚ್ಚಲು ಸುಲಭದ ದಾರಿಯಿದೆ. ನೋಟ್ಸ್ ಮತ್ತು ಪಠ್ಯಪುಸ್ತಕ ತೆರೆಯಿರಿ. ಉತ್ತರ ಒಂದೇ ಕಡೆ ಸಾಲಾಗಿ ಸಿಕ್ಕರೆ ಸ್ಮರಣೆ. ಎರಡು ಮೂರು ಕಡೆಯಿಂದ ಆರಿಸಿ ಸ್ವಂತ ಮಾತಿನಲ್ಲಿ ಹೇಳಬೇಕಾದರೆ ತಿಳುವಳಿಕೆ. ಕಲಿತ ವಿಧಾನವನ್ನು ಹೊಸ ಸನ್ನಿವೇಶಕ್ಕೆ ಹಚ್ಚಬೇಕಾದರೆ ಅನ್ವಯ. ಕೊಟ್ಟ ಮಾಹಿತಿಯನ್ನು ಬಿಡಿಸಿ, ಒಂದರಿಂದ ಇನ್ನೊಂದು ಹೇಗೆ ಹೊರಡುತ್ತದೆ ಎಂದು ತೋರಿಸಬೇಕಾದರೆ ವಿಶ್ಲೇಷಣೆ.

ನಿಮ್ಮ ಪ್ರಶ್ನೆಯನ್ನು ಹೀಗೆ ತಿರುಗಿಸಿ ನೋಡಿ: ‘ಕೈಬರಹದಲ್ಲಿ ಒಂದು ಕಾವ್ಯದ ಸಾವಿರ ಪ್ರತಿ ಸಿದ್ಧವಾಗಬೇಕಾದರೆ ಏನೇನು, ಯಾರ್ಯಾರು ಬೇಕು? ಇದರಿಂದ ಮಾಡಿಸಿದವರ ಆರ್ಥಿಕ ಸ್ಥಿತಿಯ ಬಗ್ಗೆ ಏನು ಹೇಳಬಹುದು? ಆ ಕಾಲದ ಎಲ್ಲ ಹೆಣ್ಣುಮಕ್ಕಳ ಸ್ಥಿತಿ ಹೀಗೇ ಇತ್ತು ಎನ್ನಲು ಇಷ್ಟು ಸಾಕೇ?’ ನಾಲ್ಕು ಅಂಕದಲ್ಲಿ ತಾಳೆಗರಿ, ಲಿಪಿಕಾರರು, ಅವರ ಊಟ-ಸಂಬಳ ಮೊದಲಾದವಕ್ಕೆ ಒಂದು, ಅಲ್ಲಿಂದ ಸಂಪತ್ತಿನವರೆಗೆ ಕೊಂಡಿ ಹಾಕಿದ್ದಕ್ಕೆ ಎರಡು, ‘ಒಬ್ಬರಿಂದ ಎಲ್ಲರ ಬಗ್ಗೆ ಹೇಳಲಾಗದು’ ಎಂದು ಗುರುತಿಸಿದ್ದಕ್ಕೆ ಒಂದು. ಅಂಕ ಸೂಚಿಯನ್ನು ಪ್ರಶ್ನೆಯ ಜೊತೆಗೇ ಬರೆದಿಡಿ. ಇಲ್ಲದಿದ್ದರೆ ಮೌಲ್ಯಮಾಪನದ ಹೊತ್ತಿಗೆ ಬಿರುದು, ಇಸವಿ ಬರೆದವರಿಗೇ ಮೂರು ಅಂಕ ಹೋಗಿರುತ್ತದೆ.

20 ಅಂಕದ, 45 ನಿಮಿಷದ ಕಿರುಪರೀಕ್ಷೆಯಲ್ಲಿ ಇಂಥದ್ದು ಒಂದೇ ಇರಲಿ. ಓದಿ ಯೋಚಿಸಲಿಕ್ಕೇ ಏಳೆಂಟು ನಿಮಿಷ ಹೋಗುತ್ತದೆ. ಎರಡು ಹಾಕಿದರೆ ನಿಧಾನವಾಗಿ ಬರೆಯುವವರು ಸುಲಭದ ಪ್ರಶ್ನೆಗಳನ್ನೂ ಬಿಟ್ಟು ಬರುತ್ತಾರೆ. ಮತ್ತೊಂದು ಮಾತು: ಈ ವರ್ಷದ ಒಳ್ಳೆಯ ಪ್ರಶ್ನೆ ಬರುವ ವರ್ಷ ಗೈಡಿನಲ್ಲಿ ಉತ್ತರಸಮೇತ ಬಂದರೆ ಅದರ ಮಟ್ಟ ಕುಸಿಯಿತು ಎಂದೇ ಲೆಕ್ಕ. ಪ್ರಶ್ನೆಕೋಶದಲ್ಲಿ ಪ್ರತಿ ಪ್ರಶ್ನೆಯ ಪಕ್ಕ ಬಳಸಿದ ವರ್ಷ ಬರೆಯಿರಿ.

ಪ್ರಶ್ನೆ: ನಮ್ಮ ಪಾಠಯೋಜನೆಯಲ್ಲಿ ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಎಂದು ನಾಲ್ಕೇ ಇವೆ. ತರಬೇತಿಯಲ್ಲಿ ಆರು ಮಟ್ಟ, ಮೂರು ವಲಯ ಅನ್ನುತ್ತಾರೆ. ಹೃದಯದ ಚಿತ್ರ ಬಿಡಿಸುವುದನ್ನು ಯಾವುದಕ್ಕೆ ಸೇರಿಸಲಿ?
— ವಿಜ್ಞಾನ ಶಿಕ್ಷಕ, ರಾಣೆಬೆನ್ನೂರು

ಉತ್ತರ: ಮೂರು ವಲಯ ಎಂದರೆ ತಲೆಯ ಕೆಲಸದ ಜ್ಞಾನಾತ್ಮಕ ವಲಯ, ಧೋರಣೆ-ಮೌಲ್ಯಗಳ ಭಾವನಾತ್ಮಕ ವಲಯ, ಕೈಕೆಲಸದ ಮನೋಚಾಲಕ ವಲಯ. ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಜ್ಞಾನಾತ್ಮಕ ವಲಯವನ್ನು ಆರು ಮಟ್ಟಗಳಾಗಿ ಬಿಡಿಸಿದರು. ಮುಂದಿನ ಒಂದೆರಡು ವರ್ಷದಲ್ಲೇ ಬ್ಲೂಮ್ ಭಾರತಕ್ಕೆ ಬಂದು ಪರೀಕ್ಷಾ ಸುಧಾರಣೆಯ ಕಾರ್ಯಾಗಾರಗಳಲ್ಲಿ ಭಾಗವಹಿಸಿದರು, 1958ರಲ್ಲಿ ಕೇಂದ್ರ ಪರೀಕ್ಷಾ ಘಟಕ ಆರಂಭವಾಯಿತು. ಶಾಲೆಗಳ ಬಳಕೆಗೆ ಸರಳವಾಗಿ ಉಳಿದದ್ದು ನಿಮ್ಮ ನಾಲ್ಕು ಕಾಲಮ್ಮುಗಳು. 2001ರಲ್ಲಿ ಆಂಡರ್ಸನ್ ಮತ್ತು ಕ್ರಾಥ್‌ವೋಲ್ ಆರು ಮಟ್ಟಗಳನ್ನು ಸ್ಮರಿಸು, ಅರ್ಥೈಸು, ಅನ್ವಯಿಸು, ವಿಶ್ಲೇಷಿಸು, ಮೌಲ್ಯಮಾಪನ ಮಾಡು, ಸೃಷ್ಟಿಸು ಎಂದು ಪರಿಷ್ಕರಿಸಿದರು.

ಚಿತ್ರದಲ್ಲಿ ಎರಡು ಕೆಲಸ ಬೆರೆತಿವೆ. ಭಾಗಗಳ ಹೆಸರು ಮತ್ತು ಜಾಗ ಜ್ಞಾನ, ಪ್ರಮಾಣ ತಪ್ಪದೆ ಗೆರೆ ಎಳೆಯುವುದು ಕೌಶಲ. ಅಂಕವನ್ನೂ ಬೇರೆಬೇರೆ ಕೊಡಿ. ಅಳತೆಯ ಜಾಡಿ ಓದುವುದರಲ್ಲೂ ಹೀಗೆಯೇ: ನೀರಿನ ಬಾಗಿದ ಮೇಲ್ಮೈಯ ಕೆಳ ಅಂಚನ್ನು ಓದಬೇಕೆಂದು ಹೇಳಬಲ್ಲ ಹುಡುಗ, ಕಣ್ಣನ್ನು ಆ ಮಟ್ಟಕ್ಕೆ ಬಗ್ಗಿಸದೆ ಮೇಲಿಂದ ನೋಡಿ ತಪ್ಪು ಅಳತೆ ಬರೆಯುತ್ತಾನೆ. ಬರಹದ ಪರೀಕ್ಷೆಯಲ್ಲಿ ಆ ತಪ್ಪು ಕಾಣುವುದೇ ಇಲ್ಲ.

ಪ್ರಶ್ನೆ: ಮಕ್ಕಳನ್ನು ಮಾಗಡಿ ಕೆರೆಗೆ ಹಕ್ಕಿ ನೋಡಲು ಕರೆದೊಯ್ಯುತ್ತೇವೆ. ‘ಪಕ್ಷಿಗಳ ಬಗ್ಗೆ ಪ್ರೀತಿ ಬೆಳೆಸಿಕೊಳ್ಳುವರು’ ಎಂಬ ಉದ್ದೇಶಕ್ಕೆ ಅಂಕ ಹೇಗೆ ಕೊಡಬೇಕು?
— ಪ್ರಾಥಮಿಕ ಶಾಲಾ ಶಿಕ್ಷಕಿ, ಶಿರಹಟ್ಟಿ

ಉತ್ತರ: ಅಂಕ ಕೊಡಬೇಡಿ, ದಾಖಲೆ ಇಡಿ. ಅಂಕ ಬರುತ್ತದೆಂದು ಗೊತ್ತಾದ ಕೂಡಲೇ ಪ್ರೀತಿಯ ಪ್ರದರ್ಶನ ಶುರುವಾಗುತ್ತದೆ. ‘ನಿನಗೆ ಹಕ್ಕಿ ಇಷ್ಟವೇ?’ ಎಂದು ಕೇಳಿದರೆ ಇಡೀ ತರಗತಿ ‘ಹೌದ್ರಿ’ ಅನ್ನುತ್ತದೆ.

ಭಾವನಾತ್ಮಕ ವಲಯದ ಐದು ಮಟ್ಟಗಳು 1964ರಲ್ಲಿ ಪ್ರಕಟವಾದವು. ಅವನ್ನು ನಿಮ್ಮ ಕೆರೆಯ ದಂಡೆಗೇ ತರೋಣ. ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಮಗು ಗದ್ದಲವಿಲ್ಲದೆ ಸ್ವಲ್ಪ ಹೊತ್ತು ನೋಡಿದರೆ ಅದು ಸ್ವೀಕರಿಸುವುದು. ಪ್ರಶ್ನೆ ಕೇಳಿದರೆ, ಎಣಿಸಿ ಬರೆದುಕೊಂಡರೆ ಪ್ರತಿಕ್ರಿಯಿಸುವುದು. ಯಾರೂ ಹೇಳದೆ, ಕಲ್ಲೆತ್ತಿದ ಗೆಳೆಯನ ಕೈ ಹಿಡಿದರೆ ಮೌಲ್ಯ ಕೊಡುವುದು. ನಾಲ್ಕನೆಯದು ಸಂಘಟಿಸುವುದು, ಇಲ್ಲಿ ಎರಡು ಮೌಲ್ಯಗಳು ಒಂದಕ್ಕೊಂದು ಎದುರಾಗಬೇಕು. ಈ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ‘ಹಕ್ಕಿ ಉಳಿಯಬೇಕು, ರೈತನ ಪೈರೂ ಉಳಿಯಬೇಕು, ಏನು ಮಾಡೋಣ?’ ಎಂಬ ಚರ್ಚೆಯಲ್ಲಿ ಮಗು ಎರಡೂ ಕಡೆಯ ತೂಕ ನೋಡಿದರೆ ಆ ಮಟ್ಟ ಕಂಡಿತು. ಅಪ್ಪನೇ ಆ ಹೊಲದ ರೈತನಾಗಿದ್ದರೆ ಚರ್ಚೆ ಬಿಸಿಯಾಗುತ್ತದೆ, ಆಗಲಿ. ಐದನೆಯದು ಅದು ಸ್ವಭಾವವಾಗಿಯೇ ನಿಲ್ಲುವುದು. ಒಂದು ಶಾಲಾ ವರ್ಷದಲ್ಲಿ ಅದನ್ನು ನೋಡಿದೆವು ಎಂದು ಯಾರೂ ಬರೆಯಬಾರದು.

ದಾಖಲೆಯ ಕ್ರಮ ಹೀಗೆ. 35 ಮಕ್ಕಳಿದ್ದರೆ ದಿನಕ್ಕೆ ಐವರನ್ನಷ್ಟೇ ಗಮನಿಸಿ, ಏಳು ದಿನದಲ್ಲಿ ಒಂದು ಸುತ್ತು ಮುಗಿಯುತ್ತದೆ. ತಿಂಗಳಿಗೊಂದು ಸುತ್ತು ಸಾಕು. ಕಂಡದ್ದನ್ನು ಮಾತ್ರ ಬರೆಯಿರಿ: ‘ಬಿಸಿಯೂಟದ ನಂತರ ತೆರೆದೇ ಇದ್ದ ನಲ್ಲಿ ನಿಲ್ಲಿಸಿದ’. ‘ಒಳ್ಳೆಯ ಹುಡುಗ’ ಎಂದು ಬರೆದರೆ ಅದು ತೀರ್ಪು. ಓದಿನಲ್ಲಿ ಮುಂದಿರುವ ಮಗುವಿಗೆ ನಡತೆಯಲ್ಲೂ ತಾನಾಗಿಯೇ ‘ಎ’ ಬೀಳುವುದು ಇಲ್ಲಿನ ಸಾಮಾನ್ಯ ತಪ್ಪು. ಅದಕ್ಕೇ ಈ ವಹಿ ಅಂಕಪಟ್ಟಿಯಿಂದ ದೂರ ಇರಲಿ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಕಸೂತಿ ತರಬೇತಿ ಕೊಡುತ್ತೇನೆ. ಪ್ರಮಾಣಪತ್ರಕ್ಕೆ ‘ಕಲಿಕಾ ಫಲ’ ಬರೆದುಕೊಡಿ ಅಂತಾರೆ. ಕೈಕೆಲಸಕ್ಕೂ ಮಟ್ಟಗಳು ಇರ್ತಾವೇನ್ರಿ?
— ತರಬೇತುದಾರರು, ಹುಬ್ಬಳ್ಳಿ

ಉತ್ತರ: ಇವೆ. ಬ್ಲೂಮ್ ತಂಡ ಕೈಕೆಲಸದ ಈ ಮನೋಚಾಲಕ ವಲಯವನ್ನು ಹೆಸರಿಸಿ, ವರ್ಗೀಕರಣ ಮಾಡದೆ ಬಿಟ್ಟಿತು. ಎಲಿಜಬೆತ್ ಸಿಂಪ್ಸನ್ ಏಳು ಹಂತ ಹೇಳಿದರು. 1970ರಲ್ಲಿ ನಮ್ಮ ದೇಶದವರೇ ಆದ ಆರ್.ಎಚ್. ದವೆ ಐದು ಹಂತ ಮಾಡಿದರು: ಅನುಕರಣೆ, ಸೂಚನೆಯಂತೆ ಮಾಡುವುದು, ನಿಖರತೆ, ಜೋಡಣೆ, ಸಹಜತೆ. ಕೈಕಸುಬಿಗೆ ದವೆಯವರದೇ ಹೆಚ್ಚು ಅನುಕೂಲ, ಏಕೆಂದರೆ ಪ್ರತಿ ಹಂತವನ್ನೂ ಬಟ್ಟೆಯ ಮೇಲೆ ನೋಡಬಹುದು.

ಎಳೆ ಚೆನ್ನಾಗಿ ಕಾಣುವ ಮ್ಯಾಟಿ ಬಟ್ಟೆಯಿಂದ ಆರಂಭಿಸಿ. ಅನುಕರಣೆಯಲ್ಲಿ ನೀವು ಹಾಕಿ ತೋರಿಸಿದ ಗವಂತಿಯ (ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ಮರಳುವಾಗ ಬಿಟ್ಟ ಜಾಗ ತುಂಬುವ ಹೊಲಿಗೆ) ಒಂದು ನೇರ ಗೆರೆಯನ್ನು, ನಾಲ್ಕು ಎಳೆಗೊಂದು ಹೊಲಿಗೆಯಂತೆ, ನೋಡುತ್ತಲೇ ಹಾಕಲಿ. ಎರಡನೆಯ ಹಂತದಲ್ಲಿ ನೀವು ಹಾಕಿ ತೋರಿಸಬೇಡಿ, ಗ್ರಾಫ್ ಹಾಳೆಯ ನಮೂನೆ ಮತ್ತು ಬಾಯಿಮಾತಿನ ಸೂಚನೆ ಮಾತ್ರ ಕೊಡಿ. ನಿಖರತೆಗೆ ಅಳತೆ ಇದು: 20 ಹೊಲಿಗೆಯ ಗೆರೆ, ಎಳೆ ಎಣಿಕೆಯಲ್ಲಿ ಒಂದೂ ತಪ್ಪಿಲ್ಲ, ಗಂಟಿಲ್ಲ, ಮುಂದೆ ಹಿಂದೆ ಎರಡೂ ಒಂದೇ ಥರ. ಜೋಡಣೆಯಲ್ಲಿ ಗವಂತಿಯೊಂದಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರಗಿಯನ್ನೂ ಸೇರಿಸಿ ಒಂದು ಗೋಪುರ ಮುಗಿಸಲಿ. ಸಹಜತೆ ಎಂದರೆ ಪಕ್ಕದವಳೊಡನೆ ಮಾತಾಡುತ್ತಲೇ ತೇರನ್ನೋ ತುಳಸಿಕಟ್ಟೆಯನ್ನೋ ತಪ್ಪಿಲ್ಲದೆ ಹಾಕುವುದು. ಅಲ್ಪಾವಧಿ ತರಬೇತಿಯ ಪ್ರಮಾಣಪತ್ರದಲ್ಲಿ ನಾಲ್ಕನೆಯ ಹಂತಕ್ಕೆ ನಿಲ್ಲುವುದೇ ಪ್ರಾಮಾಣಿಕ.

ಸಮಯವನ್ನು ನಿಖರತೆಯ ಹಂತ ದಾಟಿದ ಮೇಲೆಯೇ ಅಳೆಯಿರಿ. ಮೊದಲೇ ಗಡಿಯಾರ ಹಿಡಿದರೆ ಎಣಿಸುವುದನ್ನು ಬಿಟ್ಟು ಅಂದಾಜಿನಲ್ಲಿ ಚುಚ್ಚುವ ರೂಢಿ ಬೀಳುತ್ತದೆ. ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ತಪ್ಪು ಕಂಡಾಗ ಅದು ಯಾವ ವಲಯದ್ದು ಎಂದು ಕೇಳಿಕೊಳ್ಳಿ, ವರ್ಗೀಕರಣ ನಿಮಗೆ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ಬಟ್ಟೆ ಸುಕ್ಕುಗಟ್ಟಿದರೆ ದಾರ ಬಿಗಿಯಾಗಿ ಎಳೆದಿದ್ದಾಳೆ, ಇದು ಕೈಯ ತಪ್ಪು, ಅಭ್ಯಾಸದಿಂದ ಹೋಗುತ್ತದೆ. ಸೂಜಿ ಎಳೆಗಳ ನಡುವಿನ ಸಂದು ಬಿಟ್ಟು ಎಳೆಯನ್ನೇ ಸೀಳಿದರೂ ಹಾಗೆಯೇ, ಆದರೆ ಬೆಳಕು ಮತ್ತು ಕಣ್ಣನ್ನೂ ಒಮ್ಮೆ ನೋಡಿ. ಗವಂತಿ ಮರಳಿ ಬರುವಾಗ ಬಿಟ್ಟ ಜಾಗದಲ್ಲಿ ಹೊಲಿಗೆ ಕೂರದಿದ್ದರೆ, ಹೋಗುವಾಗಲೇ ಎಣಿಕೆ ಒಂದು ಎಳೆ ತಪ್ಪಿದೆ. ನೇರ ಗೆರೆ ಸರಿಯಿದ್ದು, ಗೋಪುರದ ಕವಲಿನಲ್ಲಿ ಮಾತ್ರ ದಾರ ಅರ್ಧಕ್ಕೆ ನಿಲ್ಲುತ್ತಿದ್ದರೆ ಕೈಗೆ ಏನೂ ಆಗಿಲ್ಲ. ಹೊರಟ ಜಾಗಕ್ಕೇ ಮರಳುವಂತೆ ದಾರಿ ಯೋಜಿಸಲು ಅವಳಿಗೆ ಬಂದಿಲ್ಲ, ಇದು ತಲೆಯ ಕೆಲಸ. ಅವಳಿಗೆ ಇನ್ನೂ ನೂರು ಹೊಲಿಗೆ ಹಾಕಿಸಿ ಪ್ರಯೋಜನವಿಲ್ಲ. ಸೂಜಿ ಕೆಳಗಿಡಿಸಿ, ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಹೋಗುವ ದಾರಿ ಒಂದು ಬಣ್ಣದಲ್ಲಿ, ಬರುವ ದಾರಿ ಇನ್ನೊಂದರಲ್ಲಿ ಬಿಡಿಸಲು ಹೇಳಿ. ಹಿಂದೆ ಗಂಟು ಹಾಕಿ ಮುಚ್ಚಿಡುವವಳದು ಮೂರನೆಯ ಬಗೆ. ಹೇಗೆ ಮಾಡಬೇಕೆಂದು ಗೊತ್ತು, ಕೈಗೂ ಬರುತ್ತದೆ, ಆದರೆ ಹಿಂಬದಿ ಯಾರು ನೋಡುತ್ತಾರೆ ಎಂಬ ಧೋರಣೆ. ಅವಳ ತುಂಡನ್ನು ಹಿಂಬದಿ ಮೇಲಾಗಿ ಇಟ್ಟೇ ಪರಿಶೀಲಿಸಿ.